ಬಡ್ಡಿ ಒಂದು, ಟ್ಯಾಕ್ಸ್ ಎರಡ್ಸಲ: ನ್ಯೂಜೆರ್ಸಿ ರಿಟರ್ನಿಗೆ ನಾನು ಬಳಸಿದ ಸಾಫ್ಟ್‌ವೇರ್ ಬಗ್ಗೆ

ಮೊದಲೇ ಹೇಳ್ಬಿಡ್ತೀನಿ, ಸಾಫ್ಟ್‌ವೇರ್ ಹೆಸರು ಬರೆಯಲ್ಲ. ಯಾಕಂದ್ರೆ ನನಗಾದ ತೊಂದ್ರೆ ಒಂದೇ ಕಂಪನಿದು ಅಂತ ನನಗೆ ಅನ್ಸಿಲ್ಲ, ಅಮೆರಿಕದಲ್ಲಿ ಕೇಂದ್ರ ಸರ್ಕಾರಕ್ಕೆ ಹಾಕೋ ಫೆಡರಲ್ ಟ್ಯಾಕ್ಸ್ ರಿಟರ್ನಿಂದ ರಾಜ್ಯಕ್ಕೆ ಹಾಕೋ ಸ್ಟೇಟ್ ರಿಟರ್ನಿಗೆ ನಂಬರ್ ಎಳ್ಕೊಂಡು ಬರೋ ಯಾವ ಪ್ರೋಗ್ರಾಮಲ್ಲಾದ್ರೂ ಇದು ಆಗ್ಬಹುದು. ಪೆಟ್ಟಿಗೇಲಿ ಬರೋದಲ್ಲ, ಆನ್‌ಲೈನ್ ವರ್ಷನ್ನು, ನಾಲ್ಕು ವರ್ಷದಿಂದ ಅದ್ರಲ್ಲೇ ಫೈಲ್ ಮಾಡ್ತಿದೀನಿ. ನಾವಿರೋದು ನ್ಯೂಜೆರ್ಸಿ, ಗಂಡ ಹೆಂಡ್ತಿ ಇಬ್ರಿಗೂ ಡಬ್ಲ್ಯೂ-2, ಅಂದ್ರೆ ಸಂಬಳದ ಲೆಕ್ಕದ ಫಾರ್ಮ್, ಜೊತೆಗೆ ಒಂದು ಕೆ-1, ಅಂದ್ರೆ ಪಾಲುದಾರಿಕೆಯ ಆದಾಯದಲ್ಲಿ ನಮ್ಮ ಪಾಲು ತೋರಿಸೋ ಕಾಗದ. ಆ ಒಂದು ಕೆ-1ಗೋಸ್ಕರ ಈ ವರ್ಷ ಎರಡು ಶನಿವಾರ ಎರಡು ಭಾನುವಾರ ಹೋಯ್ತು, ಅದರ ಕಥೆನೇ ಈ ರಿವ್ಯೂ.

ಕೆ-1 ಎಲ್ಲಿಂದ ಬಂತು ಅಂದ್ರೆ, ನಾವು ಐದು ಜನ ಸ್ನೇಹಿತರು ಸೇರಿ ಒಂದು ಎಲ್‌ಎಲ್‌ಸಿ, ಅಂದ್ರೆ ಸೀಮಿತ ಹೊಣೆಯ ಕಂಪನಿ, ಮಾಡಿದೀವಿ, ಒಂದು ಚಿಕ್ಕ ಬಿಲ್ಡಿಂಗ್ ಬಾಡಿಗೆಗೆ ಕೊಟ್ಟಿದೆ. ಒಬ್ಬರಿಗಿಂತ ಹೆಚ್ಚು ಪಾಲುದಾರರಿರೋ ಎಲ್‌ಎಲ್‌ಸಿ ಬೇರೆ ಏನೂ ಆರಿಸ್ಕೊಳ್ದೆ ಇದ್ರೆ ಫೆಡರಲ್ ಟ್ಯಾಕ್ಸ್ ಇಲಾಖೆ ಐಆರ್‌ಎಸ್ ಕಣ್ಣಿಗೆ ಅದು ಪಾರ್ಟ್‌ನರ್‌ಶಿಪ್ಪೇ, ಪಾಲುದಾರಿಕೆಯ ರಿಟರ್ನ್ ಫಾರ್ಮ್ 1065 ಹಾಕ್ಬೇಕು, ಪ್ರತಿಯೊಬ್ಬರಿಗೂ ಕೆ-1 ಕೊಡ್ಬೇಕು. ಇನ್ನೊಂದು ಬಿಲ್ಡಿಂಗ್ ತಗೊಳ್ಳೋಣ ಅಂತ ತಲಾ ಎಂಬತ್ತು ಸಾವಿರ ಡಾಲರ್ ಹಾಕಿದ್ವಿ, ಆ ವ್ಯವಹಾರ ಇವತ್ತು ನಾಳೆ ಅಂತ ಒಂದೂವರೆ ವರ್ಷ ಎಳೀತು, ಅಷ್ಟೂ ದಿನ ದುಡ್ಡು ಸುಮ್ನೆ ಕೂತಿರೋದು ಬೇಡ ಅಂತ ಸ್ವಲ್ಪ ಬ್ಯಾಂಕಲ್ಲಿ ಸೇವಿಂಗ್ಸಿಗೆ, ಉಳಿದಿದ್ದು ಟ್ರೆಷರಿ ಬಿಲ್ಲಿಗೆ, ಅಂದ್ರೆ ಅಮೆರಿಕ ಸರ್ಕಾರದ ಅಲ್ಪಾವಧಿ ಸಾಲಪತ್ರಕ್ಕೆ, ಹಾಕಿದ್ವಿ. ಬಿಲ್ಡಿಂಗ್ ಇನ್ನೂ ಬಂದಿಲ್ಲ, ಬಡ್ಡಿ ಮಾತ್ರ ಚೆನ್ನಾಗಿ ಬಂತು. ಪಾರ್ಟ್‌ನರ್‌ಶಿಪ್ಪಿಗೆ ಬಂದ ಬಡ್ಡಿ ಕೆ-1ನ ಬಾಕ್ಸ್ 5ರಲ್ಲಿ ಕೂರತ್ತೆ. ನನ್ನ ಪಾಲಿನ ಬಾಕ್ಸ್ 5ರಲ್ಲಿ 3,840 ಡಾಲರ್, ಬಾಕ್ಸ್ 2ರಲ್ಲಿ ಬಾಡಿಗೆ ಉಳಿಕೆ 5,200 ಡಾಲರ್. ಆದಾಯ ಅಂತ ಇವೆರಡೇ, ಬೇರೆ ಏನೂ ಇಲ್ಲ. ಇಷ್ಟು ಸಣ್ಣ ಕೆ-1.

ಫೆಡರಲ್ ಭಾಗದ ಬಗ್ಗೆ ದೂರೇ ಇಲ್ಲ. ಕೆ-1 ಅಂದ ತಕ್ಷಣ ಮೇಲಿನ ಪ್ಯಾಕೇಜಿಗೆ ಹತ್ತಿಸ್ತಾರೆ, ಅದೊಂದು ಹೊಟ್ಟೆ ಉರಿ, ಅದು ಬಿಟ್ರೆ ಪ್ರಶ್ನೆಗಳು ನೇರವಾಗಿವೆ, ಯಾವ ಬಾಕ್ಸಲ್ಲಿ ನಂಬರ್ ಇದೆಯೋ ಅದನ್ನ ಟಿಕ್ ಮಾಡು, ಬರಿ, ಮುಂದೆ ಹೋಗು. ಬಾಕ್ಸ್ 5ರ 3,840 ನಮ್ಮ ಸ್ವಂತ ಬ್ಯಾಂಕ್ ಬಡ್ಡಿ 612ರ ಜೊತೆ ಸೇರಿ 4,452 ಆಗಿ ಶೆಡ್ಯೂಲ್ ಬಿಗೆ, ಅಂದ್ರೆ ಬಡ್ಡಿ ಡಿವಿಡೆಂಡ್ ಪಟ್ಟಿ ಮಾಡೋ ಹಾಳೆಗೆ, ಹೋಯ್ತು. ಸರಿಯಾಗೇ ಹೋಯ್ತು, ಬಡ್ಡಿ 1,500 ಡಾಲರ್ ದಾಟಿದ್ರೆ ಶೆಡ್ಯೂಲ್ ಬಿ ಹಾಕ್ಲೇಬೇಕು, ಅದನ್ನೂ ತಾನೇ ಮಾಡ್ಕೊಳ್ತು. ಬಾಕ್ಸ್ 20ರಲ್ಲಿ ಎ ಅನ್ನೋ ಕೋಡ್ ಹತ್ರ ಮತ್ತೆ ಅದೇ 3,840 ಇತ್ತು, ನನಗೆ ಹೋದ ವರ್ಷ ಅದನ್ನ ನೋಡಿ ಇದೇನು ಇನ್ನೊಂದು ಆದಾಯನಾ ಅಂತ ಎದೆ ಧಸಕ್ಕಂದಿತ್ತು. ಅಲ್ಲ. ಸಾಲ ತಗೊಂಡು ಹೂಡಿಕೆ ಮಾಡಿದೋರು ಆ ಸಾಲದ ಬಡ್ಡಿನ ಆದಾಯದಿಂದ ಕಳೀಬೇಕಾದಾಗ ಫಾರ್ಮ್ 4952ಕ್ಕೆ ಬೇಕಾಗೋ ಮಾಹಿತಿ ಅಷ್ಟೇ ಅದು. ಸಾಫ್ಟ್‌ವೇರ್ ಇಲ್ಲಿ ಪಕ್ಕದಲ್ಲೇ ಒಂದು ಚಿಕ್ಕ ವಿವರಣೆ ಕೊಡತ್ತೆ, ಶಭಾಷ್ ಅಂದ್ಕೊಂಡೆ.

ತೊಂದ್ರೆ ಶುರುವಾಗಿದ್ದು ಸ್ಟೇಟಿಗೆ ಬಂದಾಗ.

ನ್ಯೂಜೆರ್ಸಿ ಆದಾಯ ತೆರಿಗೆ 1976ರಲ್ಲಿ ಬಂದಿದ್ದು, ಅದರ ಹೆಸರೇ ಗ್ರಾಸ್ ಇನ್‌ಕಂ ಟ್ಯಾಕ್ಸ್. ಹೆಚ್ಚಿನ ರಾಜ್ಯಗಳು ಫೆಡರಲ್ ರಿಟರ್ನಲ್ಲಿ ಬಂದ ಒಟ್ಟು ಆದಾಯನ ತಗೊಂಡು ಅದಕ್ಕೆ ಸ್ವಲ್ಪ ಕೂಡ್ಸಿ ಸ್ವಲ್ಪ ಕಳೆದು ತಮ್ಮ ಲೆಕ್ಕ ಶುರು ಮಾಡ್ತವೆ. ನದಿ ಆಚೆ ನ್ಯೂಯಾರ್ಕ್ ಹಂಗೇ. ನ್ಯೂಜೆರ್ಸಿ ಹಂಗಲ್ಲ, ಇದರದ್ದು ಸ್ವಂತ ಒಲೆ ಸ್ವಂತ ಅಡುಗೆ. ಕಾನೂನಿನ 54ಎ:5-1 ಅನ್ನೋ ಕಲಮಲ್ಲಿ ಆದಾಯಗಳನ್ನ ಬೇರೆ ಬೇರೆ ವರ್ಗ ಮಾಡಿ ಇಟ್ಟಿದಾರೆ, ಸಂಬಳ ಒಂದು, ಬಡ್ಡಿ ಒಂದು, ಡಿವಿಡೆಂಡ್ ಒಂದು, ಆಸ್ತಿ ಮಾರಿದ ಲಾಭ ಒಂದು, ಹಿಂಗೆ. ಅದ್ರಲ್ಲಿ ಪಾರ್ಟ್‌ನರ್‌ಶಿಪ್ ಆದಾಯದ ಪಾಲು ಅನ್ನೋದೇ ಬೇರೆ ಒಂದು ವರ್ಗ. ಪಾರ್ಟ್‌ನರ್‌ಶಿಪ್ ಒಳಗೆ ಆ ದುಡ್ಡು ಏನಾಗಿ ಹುಟ್ಟಿದ್ರೂ, ಬಾಡಿಗೆಯಾಗ್ಲಿ ವ್ಯಾಪಾರದ ಲಾಭವಾಗ್ಲಿ ಬ್ಯಾಂಕಿನ ಬಡ್ಡಿಯಾಗ್ಲಿ, ನಿಮ್ಮ ಕೈಗೆ ಬರೋ ಹೊತ್ತಿಗೆ ಅದು ಬರೀ 'ಪಾರ್ಟ್‌ನರ್‌ಶಿಪ್ ಪಾಲು'. ಶಂಖದಿಂದ ಬಂದ್ರೆ ತೀರ್ಥ ಅಂತಾರಲ್ಲ, ಅದೇ. ನೀರು ಅದೇ ನೀರು, ಆದ್ರೆ ನ್ಯೂಜೆರ್ಸಿಯೋರಿಗೆ ಎಲ್‌ಎಲ್‌ಸಿ ಅನ್ನೋ ಶಂಖದಿಂದ ಬಂದ ಮೇಲೆ ಅದನ್ನ ನೀರು ಅನ್ನಂಗಿಲ್ಲ.

ಫಾರ್ಮಿನ ಮೇಲೆ ಹೇಳೋದಾದ್ರೆ ನ್ಯೂಜೆರ್ಸಿಯ ರಿಟರ್ನ್ ಫಾರ್ಮ್ ಎನ್‌ಜೆ-1040ರಲ್ಲಿ ಬಡ್ಡಿಗೆ 16ಎ ಸಾಲು, ಪಾರ್ಟ್‌ನರ್‌ಶಿಪ್ ಪಾಲಿಗೆ 21ನೇ ಸಾಲು. ನಮ್ಮ ಎಲ್‌ಎಲ್‌ಸಿಯ ಬಡ್ಡಿ 21ರೊಳಗೆ ಇರ್ಬೇಕು, 16ಎಯಲ್ಲಿ ಇರ್ಲೇಬಾರ್ದು. ಎಷ್ಟು ಅಂತ ಹೇಳೋದು ಎಲ್‌ಎಲ್‌ಸಿ ಕೊಡೋ ಎನ್‌ಜೆಕೆ-1, ಅಂದ್ರೆ ಫೆಡರಲ್ ಕೆ-1ನ ನ್ಯೂಜೆರ್ಸಿ ತಮ್ಮ. ಅದರ ನಂಬರು ಎನ್‌ಜೆ-ಬಸ್-1 ಅನ್ನೋ ಶೆಡ್ಯೂಲಿನ ಎರಡನೇ ಭಾಗಕ್ಕೆ ಹೋಗಿ ಅಲ್ಲಿಂದ 21ಕ್ಕೆ ಬರತ್ತೆ.

ಈಗ ಸಾಫ್ಟ್‌ವೇರ್ ಏನು ಮಾಡ್ತು ಅಂತ ನೋಡಿ. ಸ್ಟೇಟ್ ಭಾಗಕ್ಕೆ ಹೋದ ತಕ್ಷಣ ಒಂದು ಖುಷಿ ಖುಷಿ ಪರದೆ, ನಿಮ್ಮ ಫೆಡರಲ್ ಮಾಹಿತಿ ಎಲ್ಲಾ ತಂದಿದೀವಿ, ನಿಮ್ಮ ಕೆಲಸ ಅರ್ಧ ಮುಗೀತು ಅಂತ. ಆಮೇಲೆ ಎನ್‌ಜೆಕೆ-1 ಬಂದಿದ್ಯಾ ಅಂತ ಕೇಳ್ತು, ಹೌದು ಅಂದೆ, ಅದ್ರಲ್ಲಿದ್ದ 6,590 ಹಾಕ್ದೆ. ಮುಂದೆ ಮುಂದೆ ಒತ್ತಿದೆ, ಕೊನೇಲಿ ರಿಫಂಡ್ 318 ಡಾಲರ್ ಅಂತ ಹಸಿರಲ್ಲಿ ತೋರಿಸ್ತು. ಯಾವ ಎಚ್ಚರಿಕೆನೂ ಇಲ್ಲ, ರಿಟರ್ನಲ್ಲಿ ತಪ್ಪುಗಳಿಲ್ಲ ಅಂತ ಒಂದು ಸರ್ಟಿಫಿಕೇಟ್ ಬೇರೆ. ಹೋದ ವರ್ಷ ನಾನು ಇಲ್ಲೇ ಫೈಲ್ ಬಟನ್ ಒತ್ತಿದ್ದೆ, ಈ ವರ್ಷನೂ ಒತ್ತೋನೇ ಇದ್ದೆ.

ನನ್ನ ತಡೆದಿದ್ದು ಒಂದು ಚಿಲ್ಲರೆ ಅನುಮಾನ. ಫೆಡರಲ್ ಕೆ-1ನಲ್ಲಿ ಎರಡೂ ಕೂಡಿದ್ರೆ 5,200 ಮತ್ತೆ 3,840, ಅಂದ್ರೆ 9,040. ಎನ್‌ಜೆಕೆ-1ನಲ್ಲಿ 6,590. 2,450 ಎಲ್ಲಿ ಹೋಯ್ತು? ಹೆಂಡ್ತಿ ಹತ್ರ ಹೇಳಿದ್ರೆ 'ರೀ, ಕಮ್ಮಿ ತೋರಿಸಿದ್ರೆ ಒಳ್ಳೇದೇ ಅಲ್ವಾ, ಬಿಡ್ರಿ ಮಲ್ಕೊಳಿ' ಅಂದ್ಲು. ನಾನು ಬಿಡ್ಲಿಲ್ಲ, ಎಲ್‌ಎಲ್‌ಸಿ ಲೆಕ್ಕ ನೋಡ್ಕೊಳ್ಳೋ ಸ್ನೇಹಿತನಿಗೆ ಫೋನ್ ಹಾಕ್ದೆ. 'ಲೋ, ಕೆ-1 ಹಿಂದೆ ಎರಡು ಪುಟ ಇದೆ ನೋಡೋ, ನೀನು ಮೊದಲ್ನೇ ಪುಟ ಮಾತ್ರ ಡೌನ್‌ಲೋಡ್ ಮಾಡ್ಕೊಂಡು ಕೂತಿದೀಯ' ಅಂತ ಬೈದ. ನಿಜ. ಹಿಂದಿನ ಪುಟದಲ್ಲಿ ಅಕೌಂಟೆಂಟ್ ಮೇಡಂ ನೀಟಾಗಿ ಬರೆದಿದ್ರು, ಬಾಕ್ಸ್ 5ರಲ್ಲಿ 2,450 ಅಮೆರಿಕ ಸರ್ಕಾರದ ಸಾಲಪತ್ರದ ಬಡ್ಡಿ, ಉಳಿದ 1,390 ಬ್ಯಾಂಕಿಂದು ಅಂತ.

ಇದು ಗೊತ್ತಿಲ್ದೋರಿಗೆ: ಟ್ರೆಷರಿ ಬಿಲ್, ನೋಟ್, ಬಾಂಡ್ ಇವುಗಳ ಬಡ್ಡಿಗೆ ಫೆಡರಲ್ ಟ್ಯಾಕ್ಸ್ ಇದೆ, ಆದ್ರೆ ಯಾವ ರಾಜ್ಯನೂ ಅದರ ಮೇಲೆ ಇನ್‌ಕಂ ಟ್ಯಾಕ್ಸ್ ಹಾಕಂಗಿಲ್ಲ, ಅದು ಫೆಡರಲ್ ಕಾನೂನು, 31ನೇ ಟೈಟಲ್ಲಿನ 3124ನೇ ಸೆಕ್ಷನ್. ಪಾರ್ಟ್‌ನರ್‌ಶಿಪ್ ಮೂಲಕ ಬಂದ್ರೂ ಈ ವಿನಾಯಿತಿ ಹೋಗಲ್ಲ. ಮುನಿಸಿಪಲ್ ಬಾಂಡಿಂದು, ಅಂದ್ರೆ ರಾಜ್ಯ, ಊರುಗಳ ಸಾಲಪತ್ರದ್ದು, ಇದಕ್ಕೆ ಉಲ್ಟಾ, ಫೆಡರಲ್ಲಲ್ಲಿ ಸಾಮಾನ್ಯವಾಗಿ ವಿನಾಯಿತಿ, ನ್ಯೂಜೆರ್ಸಿಯ ಬಾಂಡಾದ್ರೆ ಇಲ್ಲೂ ವಿನಾಯಿತಿ, ನ್ಯೂಯಾರ್ಕ್ ಬಾಂಡಾದ್ರೆ ಇಲ್ಲಿ ಟ್ಯಾಕ್ಸ್. ರಾಜ್ಯಗಳು ಹಿಂಗೆ ತಮ್ಮ ಮಕ್ಳು ಪಕ್ಕದ್ಮನೆ ಮಕ್ಳು ಅಂತ ಭೇದ ಮಾಡೋದು ಸರಿನಾ ಅಂತ ಕೇಸ್ ಸುಪ್ರೀಂ ಕೋರ್ಟಿಗೂ ಹೋಗಿತ್ತು, ಕೆಂಟಕಿದು, 2008ರಲ್ಲಿ ಮಾಡ್ಬಹುದು ಅಂತ ತೀರ್ಪಾಯ್ತು. ನಮಗೆ ಮುನಿಸಿಪಲ್ ಬಾಂಡ್ ಇರ್ಲಿಲ್ಲ, ಪುಣ್ಯ.

ಅಂದ್ರೆ ನಮ್ಮ ಅಕೌಂಟೆಂಟ್ ಟ್ರೆಷರಿ ಬಡ್ಡಿ ತೆಗೆದು, 5,200ಕ್ಕೆ 1,390 ಸೇರಿಸಿ 6,590 ಮಾಡಿದ್ರು. ಇಲ್ಲಿಗೆ ಸಮಾಧಾನ ಆಗ್ಬೇಕಿತ್ತು. ಆಗ ತಲೇಲಿ ಇನ್ನೊಂದು ಬಲ್ಬ್ ಹತ್ತಿತು. ಬ್ಯಾಂಕ್ ಬಡ್ಡಿ 1,390 ಆಗ್ಲೇ ಈ 6,590ರ ಹೊಟ್ಟೆ ಒಳಗಿದ್ರೆ, ಸಾಫ್ಟ್‌ವೇರ್ 16ಎ ಸಾಲಲ್ಲಿ ಏನು ಹಾಕಿದೆ?

ಅದನ್ನ ನೋಡೋಕೇ ಒಂದು ದಿನ ಹಿಡೀತು. ಆನ್‌ಲೈನ್ ವರ್ಷನ್ನಲ್ಲಿ ದುಡ್ಡು ಕಟ್ಟೋ ತನಕ ಸ್ಟೇಟ್ ಫಾರ್ಮ್ ತೋರಿಸಲ್ಲ. ಬರೀ ಸಾರಾಂಶ, ಒಟ್ಟು ಆದಾಯ ಇಷ್ಟು, ಟ್ಯಾಕ್ಸ್ ಇಷ್ಟು, ರಿಫಂಡ್ ಇಷ್ಟು. ಯಾವ ಸಾಲಲ್ಲಿ ಏನಿದೆ ಅನ್ನೋದು ಮಡಿ ಮಡಿ, ಮುಟ್ಟಂಗಿಲ್ಲ. ಸರಿ ಅಂತ ಫೆಡರಲ್ 99, ಸ್ಟೇಟ್ 49 ಡಾಲರ್ ಮೊದಲೇ ಕಟ್ದೆ, ಪಿಡಿಎಫ್ ಇಳಿಸ್ಕೊಂಡೆ, ನೋಡಿದ್ರೆ 16ಎಯಲ್ಲಿ ಆರಾಮಾಗಿ ಕೂತಿದೆ 4,452. ಫೆಡರಲ್ ಶೆಡ್ಯೂಲ್ ಬಿಯ ನಂಬರು ಹಂಗಂಗೇ, ಒಂದು ಡಾಲರೂ ಆಕಡೆ ಈಕಡೆ ಇಲ್ಲ. ಅಲ್ಲಿರ್ಬೇಕಾಗಿದ್ದು ನಮ್ಮ ಸ್ವಂತ ಖಾತೆಯ 612 ಮಾತ್ರ. ಹೆಚ್ಚಾಗಿ ಬಂದ 3,840ರಲ್ಲಿ 1,390 ಎರಡು ಸಲ ಲೆಕ್ಕಕ್ಕೆ ಬಂದಿದೆ, 2,450 ಒಂದು ಸಲನೂ ಬರ್ಬಾರ್ದಾಗಿತ್ತು, ಬಂದಿದೆ. ಎರಡು ತಪ್ಪು ಒಂದೇ ಸಾಲಲ್ಲಿ. ನಾವು ಜಾಯಿಂಟಾಗಿ ಫೈಲ್ ಮಾಡೋದು, ನಮ್ಮ ಆದಾಯ 1,50,000 ದಾಟಿ 5,00,000 ಒಳಗಿರೋದ್ರಿಂದ ಮೇಲಿನ ಡಾಲರಿಗೆ ದರ 6.37 ಪರ್ಸೆಂಟ್. 3,840ಕ್ಕೆ ಅದು 245 ಡಾಲರ್ ಆಗತ್ತೆ. ಮನೆ ಮುಳುಗಲ್ಲ ನಿಜ, ಆದ್ರೆ ತಪ್ಪಿಲ್ಲ ಅಂತ ಸರ್ಟಿಫಿಕೇಟ್ ಕೊಟ್ಟು 245 ಡಾಲರ್ ಜೇಬಿಂದ ತೆಗಿಯೋದಿದ್ಯಲ್ಲ ಅದಕ್ಕೆ ಮೈ ಉರೀತು.

ಸಪೋರ್ಟ್ ಬಗ್ಗೆ ಹೇಳ್ಬೇಕು. ಚಾಟಲ್ಲಿ ಮೊದಲು ಸಿಕ್ಕೋರು 'ಸರ್, ನೀವು ಬಾಕ್ಸ್ 5 ಸರಿಯಾಗೇ ಹಾಕಿದೀರ, ಬಡ್ಡಿ ಬಡ್ಡಿ ಸಾಲಿಗೇ ಹೋಗ್ಬೇಕಲ್ವಾ' ಅನ್ನೋ ಅರ್ಥದಲ್ಲಿ ನಾಲ್ಕು ಸಲ ಹೇಳಿದ್ರು. ತರ್ಕ ಚೆನ್ನಾಗೇ ಇದೆ, ಬೇರೆ ರಾಜ್ಯಕ್ಕೆ. ನ್ಯೂಯಾರ್ಕಲ್ಲಾದ್ರೆ ಅವರು ಹೇಳಿದ್ದೇ ಸರಿ, ಅಲ್ಲಿನ ರಿಟರ್ನ್ ಫಾರ್ಮ್ ಐಟಿ-201 ಫೆಡರಲ್ ನಂಬರಿಂದ ಶುರುವಾಗತ್ತೆ, ಬಡ್ಡಿ ಬಡ್ಡಿಯಾಗೇ ಉಳಿಯತ್ತೆ, ಟ್ರೆಷರಿ ಭಾಗನ ಬೇರೆ ಸಾಲಲ್ಲಿ ಕಳೀಬೇಕು ಅಷ್ಟೇ. ಪೆನ್ಸಿಲ್ವೇನಿಯಾ ಇನ್ನೂ ಮಜಾ, ಅದೂ ನಮ್ಮ ಥರ ವರ್ಗ ವರ್ಗ ಮಾಡ್ಕೊಂಡಿರೋ ರಾಜ್ಯನೇ, 3.07 ಪರ್ಸೆಂಟ್ ಒಂದೇ ದರ, ಆದ್ರೆ ಅವರು ಪಾಲುದಾರರಿಗೆ ಕೊಡೋ ಆರ್‌ಕೆ-1 ಅನ್ನೋ ಕಾಗದದಲ್ಲಿ ಬಡ್ಡಿಗೆ ಬೇರೆ ಸಾಲು ಕೊಟ್ಟಿದಾರೆ. ಡೆಲವೇರ್ ನದಿ ಒಂದು ಸೇತುವೆ ದಾಟಿದ್ರೆ ಅದೇ ದುಡ್ಡಿನ ಜಾತಿ ಬದಲಾಗತ್ತೆ. ಹಿಂಗಿರೋವಾಗ ಒಂದೇ ಸ್ಕ್ರಿಪ್ಟ್ ಇಟ್ಕೊಂಡು ಎಲ್ಲಾ ರಾಜ್ಯದೋರಿಗೂ ಉತ್ತರ ಕೊಡೋ ಹುಡುಗರನ್ನ ಬೈದು ಏನು ಪ್ರಯೋಜನ. ಎರಡನೇ ದಿನ ಫೋನಲ್ಲಿ ಸಿಕ್ಕಿದ ಹೆಂಗಸು ಮಾತ್ರ ಗಟ್ಟಿ. ನಾನು ಎನ್‌ಜೆಕೆ-1 ಅನ್ನೋದ್ರೊಳಗೆ 'ಓ, ನಿಮ್ಮ 16ಎ ನೋಡಿದ್ರಾ' ಅಂತ ಕೇಳಿದ್ರು. ಆಮೇಲೆ ಸ್ಟೇಟ್ ಭಾಗದಲ್ಲಿ ಬಡ್ಡಿಯ ಹೊಂದಾಣಿಕೆ ಅಂತ ಒಂದು ಪರದೆ ಇದೆ ನೋಡಿ, 'ಸಾಮಾನ್ಯವಾಗಿ ಬೇಕಾಗಲ್ಲ' ಅಂತ ಬರೆದಿರೋ ಗುಂಪಿನ ಕೆಳಗೆ, ಅಲ್ಲಿ 3,840 ಮೈನಸ್ ಹಾಕಿ, ವಿವರಣೆಯಲ್ಲಿ ಇದು ಪಾರ್ಟ್‌ನರ್‌ಶಿಪ್ ಬಡ್ಡಿ, 21ನೇ ಸಾಲಲ್ಲಿ ತೋರಿಸಿದೆ ಅಂತ ಬರೀರಿ ಅಂದ್ರು. ಹಾಕಿದ ತಕ್ಷಣ 16ಎ 612ಕ್ಕೆ ಇಳೀತು, ರಿಫಂಡ್ 318ರಿಂದ 563ಕ್ಕೆ ಹತ್ತಿತು. ಆ ಪರದೆ ಇದೆ ಅನ್ನೋದೇ ದೊಡ್ಡದು, ಅದನ್ನ ಹುಲ್ಲಿನ ಬಣವೇಲಿ ಸೂಜಿ ಹುಡುಕಿದಂಗೆ ಹುಡುಕ್ಬೇಕು ಅನ್ನೋದು ನನ್ನ ಮುಖ್ಯ ದೂರು.

ಯಾಕಂದ್ರೆ ನೋಡಿ, ಎನ್‌ಜೆಕೆ-1 ಬಂದಿದ್ಯಾ ಅಂತ ಕೇಳಿದ್ದು ಇದೇ ಸಾಫ್ಟ್‌ವೇರು. ನಾನು ಹೌದು ಅಂದಿದೀನಿ. ಫೆಡರಲ್ಲಲ್ಲಿ ಅದೇ ಇಐಎನ್, ಅಂದ್ರೆ ಟ್ಯಾಕ್ಸ್ ಗುರುತಿನ ನಂಬರ್ ಇರೋ ಪಾರ್ಟ್‌ನರ್‌ಶಿಪ್ಪಿಂದ ಬಾಕ್ಸ್ 5ರಲ್ಲಿ ದುಡ್ಡಿದೆ ಅಂತಲೂ ಅದಕ್ಕೆ ಗೊತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು 'ಈ ಬಡ್ಡಿ ಎನ್‌ಜೆಕೆ-1 ಒಳಗೆ ಸೇರಿದೆ, 16ಎಯಿಂದ ತೆಗೀಲಾ?' ಅಂತ ಒಂದೇ ಒಂದು ಪ್ರಶ್ನೆ ಕೇಳೋಕೆ ಎಷ್ಟು ಹೊತ್ತು ಬೇಕು? ನಾನೇ ಸಾಫ್ಟ್‌ವೇರಲ್ಲಿ ಕೆಲಸ ಮಾಡೋನು, ಇದು ಒಂದು ವಾರದ ಕೆಲಸ, ಹೆಚ್ಚಂದ್ರೆ ಎರಡು. ಬಾಕ್ಸ್ 2ರ ಬಾಡಿಗೆ ವಿಷಯದಲ್ಲಿ ಈ ತಪ್ಪು ಆಗಿಲ್ಲ, ಅದನ್ನ ಎನ್‌ಜೆ ಬಾಡಿಗೆ ವರ್ಗಕ್ಕೆ ತಗೊಂಡು ಹೋಗ್ದೆ ಬಿಟ್ಟಿತ್ತು, ಅಂದ್ರೆ ನಿಯಮ ಯಾರಿಗೋ ಗೊತ್ತಿದೆ. ಬಡ್ಡಿ ಶೆಡ್ಯೂಲ್ ಬಿ ಮೂಲಕ ಒಟ್ಟಾಗಿ ಬರತ್ತಲ್ಲ, ಅಲ್ಲಿ ಯಾವುದು ಯಾರದ್ದು ಅನ್ನೋ ಗುರುತು ಅಳಿಸಿ ಹೋಗತ್ತೆ, ತಪ್ಪಿರೋದು ಅಲ್ಲಿ ಅಂತ ನನ್ನ ಊಹೆ. ಡಿವಿಡೆಂಡಿಗೂ ಹಿಂಗೇ ಆಗ್ಬಹುದು, ನಮ್ಮ ಎಲ್‌ಎಲ್‌ಸಿಗೆ ಬಾಕ್ಸ್ 6ಎ ಇರ್ಲಿಲ್ಲ, ಇರೋರು ಆ ಸಾಲನ್ನೂ ಒಂದ್ಸಲ ನೋಡ್ಕೊಳಿ.

245 ಡಾಲರಿಗೆ ಇಷ್ಟು ರಾದ್ಧಾಂತನಾ ಅನ್ನೋರಿಗೆ ಇನ್ನೊಂದು ವಿಷಯ. ನಮ್ಮ ಎಲ್‌ಎಲ್‌ಸಿ ಈ ಸಲ ಲಾಭದಲ್ಲಿತ್ತು. ನಷ್ಟದಲ್ಲಿದ್ದಿದ್ರೆ ಕಥೆ ಇನ್ನೂ ಕೆಟ್ಟದು. ನ್ಯೂಜೆರ್ಸಿಯಲ್ಲಿ ಒಂದು ವರ್ಗದ ನಷ್ಟನ ಇನ್ನೊಂದು ವರ್ಗದ ಆದಾಯದಿಂದ ಕಳೆಯೋಕೆ ಬಿಡಲ್ಲ. ಬಾಡಿಗೆಯಲ್ಲಿ 5,000 ನಷ್ಟ, ಬಡ್ಡಿ 3,000 ಇರೋ ಪಾರ್ಟ್‌ನರ್‌ಶಿಪ್ ಅಂದ್ಕೊಳಿ. ಸರಿಯಾಗಿ 21ರೊಳಗೇ ಲೆಕ್ಕ ಹಾಕಿದ್ರೆ ಒಟ್ಟು 2,000 ನಷ್ಟ, ಬಡ್ಡಿಗೆ ಟ್ಯಾಕ್ಸೇ ಇಲ್ಲ, ನಷ್ಟ ಬಡ್ಡಿನ ನುಂಗಿರತ್ತೆ. ತಪ್ಪಾಗಿ 16ಎಗೆ ಹೋಯ್ತು ಅಂದ್ರೆ ಆ 3,000ಕ್ಕೆ ಪೂರ್ತಿ ಟ್ಯಾಕ್ಸು, ನಷ್ಟ ಆಕಡೆ ಮೂಲೇಲಿ ಕೂತು ನೋಡ್ತಿರತ್ತೆ ಅಷ್ಟೇ. ವ್ಯಾಪಾರ, ಪಾರ್ಟ್‌ನರ್‌ಶಿಪ್, ಎಸ್ ಕಾರ್ಪ್ ಅನ್ನೋ ಥರದ ಕಂಪನಿ, ಬಾಡಿಗೆ ಈ ನಾಲ್ಕರ ನಡುವೆ ಸ್ವಲ್ಪ ಕೊಡು ತಗೋ ಮಾಡೋಕೆ ಎನ್‌ಜೆ-ಬಸ್-2 ಅಂತ ಒಂದು ಶೆಡ್ಯೂಲ್ ಇದೆ, 2012ರಲ್ಲಿ ಶುರುವಾಗಿದ್ದು, ಅದು ಅರ್ಧ ಭಾಗ ಮಾತ್ರ ಪರಿಹಾರ ಕೊಡತ್ತೆ, ಮತ್ತೆ ಬಡ್ಡಿ ಆ ನಾಲ್ಕರ ಪಂಕ್ತೀಲಿ ಇಲ್ವೇ ಇಲ್ಲ. ಆದ್ದರಿಂದ ಬಡ್ಡಿನ ಯಾವ ಎಲೆ ಮೇಲೆ ಬಡಿಸ್ತೀರ ಅನ್ನೋದು ಇಲ್ಲಿ ಬರೀ ಅಚ್ಚುಕಟ್ಟಿನ ಪ್ರಶ್ನೆ ಅಲ್ಲ.

ಇದೆಲ್ಲಾ ನನಗೆ ಕಲಿಸಿದ್ದು ಯಾರು ಅಂದ್ರೆ, ನಗ್ಬೇಡಿ, ಸರ್ಕಾರದ ಪುಸ್ತಕ. ನ್ಯೂಜೆರ್ಸಿ ಡಿವಿಷನ್ ಆಫ್ ಟ್ಯಾಕ್ಸೇಷನ್ನೋರು ಜಿಐಟಿ-9ಪಿ ಅಂತ ಒಂದು ಕಿರುಪುಸ್ತಕ ಹಾಕಿದಾರೆ, ಪಾರ್ಟ್‌ನರ್‌ಶಿಪ್ ಆದಾಯದ ಬಗ್ಗೇನೇ, ಪುಕ್ಕಟೆ. ಸರ್ಕಾರಿ ಭಾಷೆ ಅಂತ ಭಯಪಟ್ಕೊಂಡು ತೆಗೆದೆ, ಆಶ್ಚರ್ಯ, ಉದಾಹರಣೆ ಎಲ್ಲಾ ಕೊಟ್ಟು ಬರೆದಿದಾರೆ. ಈ ರಿವ್ಯೂನಲ್ಲಿ ಐದಕ್ಕೆ ಐದು ನಕ್ಷತ್ರ ಯಾರಿಗಾದ್ರೂ ಕೊಡೋದಾದ್ರೆ ಆ ಪುಸ್ತಕಕ್ಕೆ ಕೊಡ್ತೀನಿ. ಎನ್‌ಜೆಕೆ-1 ಬರ್ದೇ ಇರೋ ಪಾರ್ಟ್‌ನರ್‌ಶಿಪ್ ಇದ್ರೆ ಫೆಡರಲ್ ಕೆ-1ನಿಂದ ನ್ಯೂಜೆರ್ಸಿ ನಂಬರ್ ಹೆಂಗೆ ತೆಗಿಯೋದು ಅನ್ನೋ ವರ್ಕ್‌ಶೀಟೂ ಅದ್ರಲ್ಲೇ ಇದೆ. ನನ್ನ ಹೆಂಡ್ತಿ ಹತ್ರ ಯಾವ್ದೋ ಕಾಲದಲ್ಲಿ ತಗೊಂಡ ಒಂದು ಪೈಪ್‌ಲೈನ್ ಪಾರ್ಟ್‌ನರ್‌ಶಿಪ್ಪಿನ ಹತ್ತು ಯೂನಿಟ್ ಇತ್ತು, ಅದು ಎಲ್ಲಾ ಕಡೆ ಷೇರ್ ಥರ ಮಾರಾಟ ಆಗತ್ತೆ, ಕೆ-1 ಕಳಿಸ್ತಾರೆ, ಎನ್‌ಜೆಕೆ-1 ಕಳಿಸಿದ್ದೇ ಇಲ್ಲ, ಬಾಕ್ಸ್ 5ರಲ್ಲಿ ಮೂರು ಡಾಲರ್ ನಾಲ್ಕು ಡಾಲರ್ ಇರೋದು. ಆ ಮೂರು ಡಾಲರ್ ಎಲ್ಲಿ ಹಾಕ್ಬೇಕು ಅಂತ ಒಂದು ರಾತ್ರಿ ಜಗಳ ಆಗಿ ಯೂನಿಟ್ಟುಗಳ್ನೇ ಮಾರಿಬಿಟ್ವಿ. ಸಾಫ್ಟ್‌ವೇರಲ್ಲಿ ಎನ್‌ಜೆಕೆ-1 ಬಂದಿಲ್ಲ ಅಂತ ಹೇಳಿದ್ರೆ ಬರೋ ಪರದೆ ಇನ್ನೂ ಬರಡು, ಒಂದು ಖಾಲಿ ಬಾಕ್ಸ್ ಕೊಟ್ಟು ನಂಬರ್ ನೀನೇ ತಾ ಅನ್ನತ್ತೆ.

ಹೋದ ವರ್ಷದ ರಿಟರ್ನ್ ತೆಗೆದು ನೋಡಿದ್ರೆ ಅಲ್ಲೂ ಅದೇ ಕಥೆ. ಆಗ ಟ್ರೆಷರಿ ಇರ್ಲಿಲ್ಲ, ದುಡ್ಡೆಲ್ಲಾ ಬ್ಯಾಂಕಲ್ಲೇ ಇತ್ತು, ನನ್ನ ಪಾಲಿನ ಬಡ್ಡಿ 2,100, ಅದು 21ರಲ್ಲೂ ಇದೆ 16ಎಯಲ್ಲೂ ಇದೆ, 134 ಡಾಲರ್ ಸುಮ್ನೆ ಕಟ್ಟಿದೀವಿ. ರಿಫಂಡ್ ಕೇಳೋಕೆ ಫೈಲ್ ಮಾಡಿದ ದಿನದಿಂದ ಮೂರು ವರ್ಷ ಟೈಮ್ ಇರತ್ತೆ, ಹಂಗಾಗಿ ಎನ್‌ಜೆ-1040ಎಕ್ಸ್ ಹಾಕೋಣ ಅಂತ ಕೂತೆ. ತಿದ್ದುಪಡಿ ರಿಟರ್ನ್ ಭಾಗದಲ್ಲಿ ಸಾಫ್ಟ್‌ವೇರ್ ಅಷ್ಟೇನೂ ಕಾಟ ಕೊಡ್ಲಿಲ್ಲ, ಹಳೇ ರಿಟರ್ನ್ ತಂತು, ಹೊಂದಾಣಿಕೆ ಪರದೆಯಲ್ಲಿ 2,100 ಮೈನಸ್, ಕಾರಣ ಎರಡು ಸಾಲು, ಎನ್‌ಜೆಕೆ-1 ಕಾಪಿ ಲಗತ್ತು. ಫೆಡರಲ್ ರಿಟರ್ನಲ್ಲಿ ಏನೂ ಬದಲಾವಣೆ ಇಲ್ಲದೆ ಸ್ಟೇಟ್ ಮಾತ್ರ ತಿದ್ದೋದನ್ನ ಒಪ್ಕೊಳ್ಳತ್ತಾ ಅಂತ ಅನುಮಾನ ಇತ್ತು, ಒಪ್ಕೊಂಡ್ತು.

ಒಂದು ಗಾಬರಿಯ ಪ್ರಶ್ನೆ ಎಲ್ಲರಿಗೂ ಬರತ್ತೆ, ಫೆಡರಲ್ ಬಡ್ಡಿ 4,452, ಸ್ಟೇಟ್ ಬಡ್ಡಿ 612 ಅಂತ ತೋರಿಸಿದ್ರೆ ನೋಟಿಸ್ ಬರಲ್ವಾ ಅಂತ. ಬಂದ್ರೂ ಬರ್ಲಿ. ಕೆ-1, ಅದರ ಹಿಂದಿನ ಪುಟ, ಎನ್‌ಜೆಕೆ-1 ಮೂರೂ ಒಂದು ಫೋಲ್ಡರಲ್ಲಿ ಇಟ್ಟು ಮೇಲೆ ಒಂದು ಚೀಟಿ ಅಂಟಿಸಿದೀನಿ: 4,452ರಲ್ಲಿ 612 ನಮ್ದು, 1,390 ಸಾಲು 21ರಲ್ಲಿ, 2,450 ಟ್ರೆಷರಿ. ಲೆಕ್ಕ ಕೂಡತ್ತೆ. ಹಿಂದಿನ ಪುಟ ಕೊಡ್ದೇ ಇರೋ ಅಕೌಂಟೆಂಟ್ ನಿಮ್ಮವರಾದ್ರೆ ಬಾಯ್ಬಿಟ್ಟು ಕೇಳಿ, ಬಾಕ್ಸ್ 5 ಒಂದೇ ನೋಡಿದ್ರೆ ಎಷ್ಟು ಟ್ರೆಷರಿ ಎಷ್ಟು ಬ್ಯಾಂಕು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಒಬ್ರು ಸಿಪಿಎ, ಅಂದ್ರೆ ಲೈಸೆನ್ಸ್ ಇರೋ ಅಕೌಂಟೆಂಟ್ ಹತ್ರನೂ ಒಂದ್ಸಲ ತೋರಿಸಿದೆ, ಮನಸ್ಸಿಗೆ ಸಮಾಧಾನಕ್ಕೆ. ರಿಟರ್ನ್ ಅವರೇ ಮಾಡೋದಾದ್ರೆ 350 ಅಂದ್ರು, ಬರೀ ನೋಡಿ ಹೇಳೋಕೆ 75. ಹತ್ತು ನಿಮಿಷದಲ್ಲಿ ಸರಿ ಇದೆ ಅಂದ್ರು, ಇನ್ನೊಂದು ಮಾತು ಸೇರಿಸಿದ್ರು, ಡಿಪ್ರಿಸಿಯೇಷನ್ನಲ್ಲೂ, ಅಂದ್ರೆ ಆಸ್ತಿ ಸವೆತದ ಖರ್ಚಲ್ಲೂ, ಫೆಡರಲ್ಲಲ್ಲಿ ಮೊದಲ ವರ್ಷವೇ ಸಿಗೋ ಬೋನಸ್ ಗೀನಸ್ ನ್ಯೂಜೆರ್ಸಿ ಒಪ್ಪಲ್ಲ, ಎಲ್‌ಎಲ್‌ಸಿ ಮುಂದೆ ಏನಾದ್ರೂ ಫರ್ನಿಚರ್ ಎಸಿ ತಗೊಂಡ್ರೆ ಬಾಕ್ಸ್ 2ಕ್ಕೂ ಎನ್‌ಜೆಕೆ-1ಗೂ ಇನ್ನೂ ಹೆಚ್ಚು ವ್ಯತ್ಯಾಸ ಬರತ್ತೆ, ಆಗ ಈ ಥರ ಕೂಡಿ ಕಳೆದು ತಾಳೆ ನೋಡೋದು ಕಷ್ಟ ಆಗತ್ತೆ, ಟಿಪ್ಪಣಿ ಪುಟ ಜೋಪಾನ ಅಂತ. 75 ಡಾಲರಿಗೆ ಮೋಸ ಇಲ್ಲ. ಕೆ-1 ಒಂದೇ ಇದ್ದು ಲೆಕ್ಕದಲ್ಲಿ ಸ್ವಲ್ಪ ಆಸಕ್ತಿ ಇರೋರಿಗೆ ಸಾಫ್ಟ್‌ವೇರ್ ಜೊತೆಗೆ ಈ ಥರ ಒಂದು ನೋಟ ಸಾಕು. ಎರಡು ಮೂರು ರಾಜ್ಯದ ಕೆ-1 ಇದ್ರೆ ಸಾಫ್ಟ್‌ವೇರ್ ಸಹವಾಸವೇ ಬೇಡ.

ಟೈಮಿನ ವಿಷಯ: ಪಾರ್ಟ್‌ನರ್‌ಶಿಪ್ಪಿನ 1065ಕ್ಕೆ ಗಡುವು ಮಾರ್ಚ್ 15, ನಮ್ಮ ಕೆ-1 ಬಂದಿದ್ದು ಮಾರ್ಚ್ ಕೊನೇಲಿ, ಅದೂ ನಾಲ್ಕು ಸಲ ನೆನಪು ಮಾಡಿದ್ಮೇಲೆ. ಏಪ್ರಿಲ್ 15ರೊಳಗೆ ಆಗಲ್ಲ ಅನ್ಸಿದ್ರೆ ಎಕ್ಸ್‌ಟೆನ್ಷನ್ ಹಾಕ್ಬಹುದು, ಆದ್ರೆ ನ್ಯೂಜೆರ್ಸಿಯಲ್ಲಿ ಅದು ಊರ್ಜಿತ ಆಗ್ಬೇಕಂದ್ರೆ ಟ್ಯಾಕ್ಸಿನ 80 ಪರ್ಸೆಂಟ್ ಮೂಲ ಗಡುವಿನೊಳಗೆ ಕಟ್ಟಿರ್ಬೇಕು. ಸಾಫ್ಟ್‌ವೇರ್ ಇದನ್ನ ಸರಿಯಾಗಿ ಹೇಳತ್ತೆ, ಅದಕ್ಕೆ ಅರ್ಧ ನಕ್ಷತ್ರ.

ಒಟ್ಟು ನಕ್ಷತ್ರ ಕೇಳಿದ್ರೆ ಫೆಡರಲ್ಲಿಗೆ ನಾಲ್ಕೂವರೆ, ನ್ಯೂಜೆರ್ಸಿಗೆ ಆ ಅರ್ಧ ಸೇರಿ ಎರಡು. ಮುಂದಿನ ವರ್ಷನೂ ಇದೇ ತಗೊಳ್ತೀನಾ ಅಂದ್ರೆ ಬಹುಶಃ ಹೌದು, ನಾಲ್ಕು ವರ್ಷದ ಡೇಟಾ ಅದ್ರಲ್ಲಿದೆ, ಆ ಪರದೆ ಎಲ್ಲಿದೆ ಅಂತ ಈಗ ಗೊತ್ತು, ಹೊಸದ್ರಲ್ಲಿ ಮತ್ತೆ ಹುಡುಕೋ ಶಕ್ತಿ ಇಲ್ಲ. ಆದ್ರೆ ನೀವು ಹೊಸದಾಗಿ ಆರಿಸ್ಕೊಳ್ಳೋರಾದ್ರೆ ಸ್ಟೇಟ್ ಫಾರ್ಮನ್ನ ದುಡ್ಡು ಕಟ್ಟೋ ಮೊದಲೇ ಸಾಲು ಸಾಲಾಗಿ ತೋರಿಸೋ ಪ್ರೋಗ್ರಾಂ ನೋಡ್ಕೊಳಿ, ಕಂಪ್ಯೂಟರಿಗೆ ಇಳಿಸ್ಕೊಳ್ಳೋ ವರ್ಷನ್ನುಗಳಲ್ಲಿ ಕೆಲವು ಕಡೆ ಅದು ಸಿಗತ್ತೆ.

ಉಳಿದ ನಾಲ್ಕು ಜನ ಪಾಲುದಾರರಿಗೆ ಮೆಸೇಜ್ ಹಾಕಿದೀನಿ. ಮೂರು ಜನ ಆಗ್ಲೇ ಫೈಲ್ ಮಾಡಿ ರಿಫಂಡೂ ತಗೊಂಡಾಗಿದೆ, ಒಬ್ಬನ 16ಎಯಲ್ಲಿ 3,840 ಸೇರ್ಕೊಂಡು ಕೂತಿದ್ದು ನೋಡಿ ಅವನ ಹೆಂಡ್ತಿ ನನಗೆ ಫೋನ್ ಮಾಡಿ 'ಅಣ್ಣಾ, ಇವರಿಗೆ ಹೇಳಿ, ನಾನು ಹೇಳಿದ್ರೆ ಕೇಳಲ್ಲ' ಅಂದ್ರು. ನನ್ನ ಬೈದಿದ್ದ ಸ್ನೇಹಿತ ಇದ್ದಾನಲ್ಲ, ಹಿಂದಿನ ಪುಟ ನೋಡೋ ಅಂದೋನು, ಅವನು ಇನ್ನೂ ಉತ್ತರ ಕೊಟ್ಟಿಲ್ಲ, ಎರಡು ನೀಲಿ ಗೆರೆ ಮಾತ್ರ ಬಂದಿದೆ.